ಗುಡ್ಡ ದಾಟಿದ ಹಗುರ

ನಮ್ಮೂರಲ್ಲಿ ಮಳೆ ಬೀಳುವುದು ಅಡುಗೆಮನೆಯೊಳಗೆ. ಎಸರು ಕುದಿದು, ಪಲ್ಯಕ್ಕೆ ಒಗ್ಗರಣೆ ಬೀಳುವ ಹೊತ್ತಿಗೆ ಜಂತಿಯ ಕೆಳಗೆ ಒಂದು ಮೋಡ ಕೂಡಿಕೊಳ್ಳುತ್ತದೆ. ತುಂಬಿದ ಮನೆಯಲ್ಲಿ ಎಮ್ಮೆಯ ಕರುವಿನಷ್ಟು, ಒಬ್ಬಿಬ್ಬರಿರುವ ಮನೆಯಲ್ಲಿ ಬೆಕ್ಕಿನಷ್ಟು. ಒಲೆ ಆರಿಸಿದ ಮೇಲೆ ಅದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತದೆ, ಆಮೇಲೆ ಸುರಿಯುತ್ತದೆ. ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಳ ಎಳೆದು, ಸೆರಗು ತಲೆಗೆ ಹೊದ್ದು, ನಾವು ಹೆಂಗಸರು ಹೊಸ್ತಿಲ ಈಚೆ ಬಂದು ಕೂರುತ್ತೇವೆ. ಉಪ್ಪಿನ ಗಡಿಗೆ, ಖಾರದ ಪುಡಿ, ಬೆಲ್ಲ ಎಲ್ಲ ಪಡಸಾಲೆಯ ಗೂಡಿನಲ್ಲಿ. ಅಡುಗೆಮನೆಯ ಗೋಡೆಗೆ ಸುಣ್ಣ ಬಳಿಯುವುದಿಲ್ಲ, ಪಾಚಿ ಬೆಳೆಯಲು ಬಿಡುತ್ತೇವೆ. ಹೊಸದಾಗಿ ಬಂದ ಸೊಸೆ ಮೊದಲ ಸಲ ಒಲೆ ಹೊತ್ತಿಸಿದ ದಿನ ನೆರೆಹೊರೆಯವರು ಬಂದು, ಹನಿ ದಪ್ಪವೋ ಸಣ್ಣದೋ ನೋಡಿ ಹೋಗುತ್ತಾರೆ. ಮಳೆ ನಿಂತ ಮೇಲೆ ನೆಲದ ಇಳಿಜಾರಿನಲ್ಲಿ ನೀರು ಹರಿದು, ಗೋಡೆಯ ಬುಡದ ಕಿಂಡಿಯಿಂದ ಓಣಿಯ ಕಾಲುವೆಗೆ ಇಳಿದು, ಕೆರೆಗೆ ವಾಪಸು ಹೋಗುತ್ತದೆ. ಊರಿಗೆಲ್ಲ ಊಟ, ಊರಿಗೆಲ್ಲ ಮಳೆ. ಅಷ್ಟು ಮುಗಿಯುವ ಹೊತ್ತಿಗೆ ತಂಪಿಗೆ ಎಲ್ಲರ ಕಣ್ಣೂ ಎಳೆಯುತ್ತವೆ. ಮಧ್ಯಾಹ್ನ ನಮ್ಮೂರಲ್ಲಿ ಎಚ್ಚರವಿರುವುದು ಕಾಲುವೆಯ ಸದ್ದು ಮಾತ್ರ.

ಆಕಾಶದಿಂದ ಬಿದ್ದ ಮಳೆಯನ್ನು ನಾನು ಕಂಡಿಲ್ಲ. ನಮ್ಮಪ್ಪನೂ ಕಂಡಿರಲಿಲ್ಲ. ನಮಗೆ ಇರುವುದು ಒಂದು ಕೆರೆ, ಮತ್ತು ಗುಡ್ಡದ ಸಾಲಿನ ಮೇಲೆ ಎಂದೂ ನಿಲ್ಲದ ಗಾಳಿ. ಗುಡ್ಡದ ಮೇಲಿನ ಗಾಳಿರಾಟೆಗಳು ತಿರುಗಿದಾಗ ಹುಟ್ಟುವ ಕರೆಂಟು ತಂತಿಯಲ್ಲಿ ಇಳಿದು ಕೆರೆದಂಡೆಯ ಒಡೆಮನೆಗೆ ಬರುತ್ತದೆ. ಅಲ್ಲಿ ತೊಟ್ಟಿಯೊಳಗೆ ಸಾಲಾಗಿ ನಿಂತ ತಗಡುಗಳ ನಡುವೆ ನೀರು ಒಡೆದು ಎರಡಾಗುತ್ತದೆ. ಒಂದು, ನಾವು ಉಸಿರಾಡುವ ಗಾಳಿ. ಅದನ್ನು ಬಯಲಿಗೆ ಬಿಡುತ್ತಾರೆ. ಇನ್ನೊಂದು ಕೊಳವೆಯಲ್ಲಿ ಮನೆಮನೆಯ ಒಲೆಗೆ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಜಲಜನಕ ಎಂದು ಹೆಸರು. ನಾವು ಹಗುರ ಎನ್ನುತ್ತೇವೆ.

ಹಗುರದ ಉರಿ ಕಣ್ಣಿಗೆ ಕಾಣುವುದಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಪಾತ್ರೆಗೆ ಮಸಿಯಿಲ್ಲ. ಒಲೆ ಹೊತ್ತಿದೆಯೋ ಇಲ್ಲವೋ ತಿಳಿಯಲು ಚಿಟಿಕೆ ಉಪ್ಪು ಎಸೆಯಬೇಕು. ಗಳಿಗೆ ಹೊತ್ತು ಹಳದಿಯಾಗಿ ಕಂಡು ಮರೆಯಾಗುತ್ತದೆ. ಆದ್ದರಿಂದಲೇ ನನ್ನಂಥವರಿಗೆ ಕೆಲಸ. ಊರಿನ ಕೊಳವೆಗಳ ಗುಂಟ, ಒಣಹುಲ್ಲಿನ ಉದ್ದ ಕಸಬರಿಗೆಯನ್ನು ಮುಂದಕ್ಕೆ ಹಿಡಿದು, ನಾನು ದಿನವೂ ನಡೆಯುತ್ತೇನೆ. ಕಸಬರಿಗೆಯ ತುದಿ ಸುಟ್ಟು ಕಪ್ಪಾದರೆ ಅಲ್ಲಿ ಹಗುರ ಸೋರಿ ಉರಿಯುತ್ತಿದೆ ಎಂದರ್ಥ. ಹನ್ನೆರಡು ವರ್ಷದಲ್ಲಿ ನೂರಾರು ಕಸಬರಿಗೆ ಸುಟ್ಟಿದ್ದೇನೆ, ಒಮ್ಮೆಯೂ ಕೈ ಸುಟ್ಟುಕೊಂಡಿಲ್ಲ. ಓಣಿಯಲ್ಲಿ ನನ್ನನ್ನು ಕಸಬರಿಗೆ ದಾಕ್ಷಾಯಣಿ ಎಂದೇ ಕರೆಯುತ್ತಾರೆ.

ನಮ್ಮೂರಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಪಾಲು ಹಗುರ ಉಂಟು. ಊರು ಬಿಟ್ಟು ಹೋದವರ ಪಾಲು ಮನೆಯಲ್ಲಿ ಉಳಿದವರ ಒಲೆಗೆ ಸೇರುತ್ತದೆ. ನನ್ನ ತಂಗಿ ಕಸ್ತೂರಿ ಒಂಬತ್ತು ವರ್ಷದ ಹಿಂದೆ ಗುಡ್ಡದಾಚೆಯ ಕಲ್ಲುಕ್ವಾರಿಯ ದುರಗಪ್ಪನನ್ನು ಮೆಚ್ಚಿ ಹೋದಳು. ಅಪ್ಪ ಮುಖ ತಿರುಗಿಸಿ ಕುಳಿತ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವಳು ಗಂಟು ಎತ್ತಿಕೊಂಡು ನನ್ನ ಕಡೆ ನೋಡಿದಳು, ನಾನು ಏನೂ ಅನ್ನಲಿಲ್ಲ. ಮಾರನೆಯ ವಾರ ಅವಳ ಪಾಲಿನ ಕೊಳವೆಯನ್ನು ನನ್ನ ಒಲೆಗೆ ಜೋಡಿಸಿದರು. ಅಂದಿನಿಂದ ನಮ್ಮ ಅಡುಗೆಮನೆಯ ಮಳೆ ಓಣಿಯಲ್ಲೇ ಜೋರಾಗಿತ್ತು. ಬಂದವರು ಹೊಗಳಿದಾಗಲೆಲ್ಲ ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಕೆರೆಗೆ ಹದಿನಾಲ್ಕು ಮೆಟ್ಟಿಲು. ಒಂಬತ್ತು ಮೇಲೆ, ಐದು ನೀರಿನೊಳಗೆ. ನಾನು ಹುಟ್ಟಿದಾಗಿನಿಂದ ಹಾಗೆಯೇ. ಈ ವರ್ಷ ಒಂದು ಬೆಳಿಗ್ಗೆ ಕೊಡ ತುಂಬಲು ಹೋದ ಹೆಂಗಸರು ಹತ್ತನೆಯ ಮೆಟ್ಟಿಲನ್ನು ಕಂಡರು. ಅದರ ಅಂಚಿನಲ್ಲಿ ಕೆತ್ತಿದ ಬಳ್ಳಿಯ ಚಿತ್ತಾರವಿತ್ತು. ಬದುಕಿದ್ದವರು ಯಾರೂ ಅದನ್ನು ನೋಡಿರಲಿಲ್ಲ. ಚೆಂದದ ಕೆತ್ತನೆ ಎಂದು ಯಾರೂ ಹೇಳಲಿಲ್ಲ. ನೋಡಿದವರೆಲ್ಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೆರೆಯ ಪಂಚರಲ್ಲಿ ಹಿರಿಯರಾದ ಅಂದಾನಪ್ಪನವರು ನನ್ನನ್ನು ಕರೆಸಿದರು. ಎಂಬತ್ತು ದಾಟಿದ ಮನುಷ್ಯ, ಮಾತು ಮೆಲ್ಲಗೆ.

"ತಂಗಿ, ಒಡೆದ ನೀರು ಒಲ್ಯಾಗ ಕೂಡತೈತಿ, ಕೂಡಿದ್ದು ಕೆರಿಗೆ ಬರತೈತಿ. ಹಂಗಿದ್ದ ಮ್ಯಾಲ ಮೆಟ್ಟಲಾ ಯಾಕ ಕಂಡೀತು? ಎಲ್ಲೋ ಸೋರಾಕ ಹತ್ತೈತಿ. ಹುಡುಕು."

"ಹುಡುಕ್ತೀನ್ರಿ ಅಜ್ಜಾರ," ಎಂದೆ.

ಮೂರು ವಾರ ನಡೆದೆ. ಊರಿನ ಒಂದು ಕೊಳವೆಯನ್ನೂ ಬಿಡಲಿಲ್ಲ. ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿದೆ. ಕಸಬರಿಗೆಯ ತುದಿ ಕಪ್ಪಾಗಲಿಲ್ಲ. ಕಾಲುವೆಯ ಹೂಳು ತೆಗೆಯುವ ನನ್ನ ಗಂಡ ಮಹಾರುದ್ರನೂ ಕಾಲುವೆಯ ಕಲ್ಲು ಕಲ್ಲು ತಟ್ಟಿ ನೋಡಿದ, ಬಿರುಕಿರಲಿಲ್ಲ. ನೋಡದೆ ಉಳಿದದ್ದು ಒಡೆಮನೆ ಒಂದೇ. ಅದನ್ನು ನೋಡುವುದು ನನಗೆ ಬೇಕಿರಲಿಲ್ಲ. ಅಲ್ಲಿ ಮೂವತ್ತು ವರ್ಷದಿಂದ ತೊಟ್ಟಿ ತೊಳೆದು, ತಗಡು ಉಜ್ಜಿ, ಹಗುರ ಕಾಯುತ್ತಿದ್ದವನು ಚಂಬಣ್ಣ ಕಾಕಾ. ನನಗೆ ಕಸಬರಿಗೆ ಹಿಡಿಯಲು ಕಲಿಸಿದವನೂ ಅವನೇ. ಹೆಂಡತಿ ತೀರಿಹೋದ ಮೇಲೆ ಅವನು ಮನೆಗಿಂತ ಒಡೆಮನೆಯಲ್ಲೇ ಹೆಚ್ಚು ಇರುತ್ತಿದ್ದ.

ಮಧ್ಯಾಹ್ನ ಊರು ಮಲಗಿದ್ದಾಗ ಹೋದೆ. ಒಡೆಮನೆಯ ಹಿಂದಿನ ಬಾಗಿಲು ತೆರೆದಿತ್ತು. ಚಂಬಣ್ಣ ಕಾಕಾ ಮೇಣ ಹಚ್ಚಿದ ದೊಡ್ಡ ಬಟ್ಟೆಯ ಚೀಲವೊಂದಕ್ಕೆ ಕೊಳವೆ ಸಿಕ್ಕಿಸಿ ಹಗುರ ತುಂಬುತ್ತಿದ್ದ. ಚೀಲ ಉಬ್ಬಿ ಮೇಲೆದ್ದು ಮಾಡಿಗೆ ತಾಗಿತು. ಅದರ ಹಗ್ಗಗಳನ್ನು ಎರಡು ಹೆಗಲಿಗೆ ಕಟ್ಟಿಕೊಂಡು ಅವನು ಹೊರಗೆ ಬಂದು ಗುಡ್ಡದ ದಾರಿ ಹಿಡಿದ. ನಾನು ಕಲ್ಲಿನ ಮರೆಯಿಂದ ಮರೆಗೆ ಹಿಂಬಾಲಿಸಿದೆ. ಅವನು ನಡೆಯುತ್ತಿರಲಿಲ್ಲ. ಒಂದು ಹೆಜ್ಜೆ ಊರಿದರೆ ನಾಲ್ಕು ಮಾರು ದಾಟಿ ಇನ್ನೊಂದು ಹೆಜ್ಜೆ ಬೀಳುತ್ತಿತ್ತು, ಅದೂ ಕೊಕ್ಕರೆ ಗದ್ದೆಗೆ ಇಳಿದಷ್ಟು ಮೆತ್ತಗೆ. ಅರವತ್ತರ ಹತ್ತಿರದ ಮನುಷ್ಯ, ತಲೆಯ ಮೇಲೆ ಬಿಳಿ ಚೀಲ ತೇಲಿಸಿಕೊಂಡು ಬಿಸಿಲಿನಲ್ಲಿ ಗುಡ್ಡವೇರುತ್ತಿದ್ದ.

ಗುಡ್ಡದ ಸಂದಿನಲ್ಲಿ ಅವನು ಒಂದು ಬಂಡೆಯನ್ನು ತಬ್ಬಿ ಹಿಡಿದು ನಿಂತಿದ್ದ. ನಾನು ಹತ್ತಿರ ಬರುವವರೆಗೆ ಕಾದ.

"ಉಬ್ಬಸ ಬಂದೈತಿ," ಎಂದ. "ನೀ ಹಿಂದ ಬರೋದು ಕೆಳಗಿಂದನ ಗೊತ್ತಾತು. ಹೇಳೋದಿದ್ರ ಪಂಚರಿಗೆ ಹೇಳವ್ವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಚೀಲ ಮುಟ್ಟಿಸಿ ಹೇಳು."

"ಯಾರಿಗೆ ಕಾಕಾ?"

"ಕ್ವಾರಿ ಮಂದಿಗೆ. ಅಲ್ಲಿ ಜಾಲಿ ಕಂಟಿ ಸೈತ ಉಳದಿಲ್ಲ. ಹೆಣ್ಮಕ್ಳು ಬೇರು ಅಗದು ಒಲಿ ಹಚ್ಚತಾರ. ಆ ಹೊಗ್ಯಾಗ ಕಣ್ಣು ಹೋಗತಾವು. ಹ್ವಾದ ವರ್ಷ ಕಲ್ಲು ತರಾಕ ಹೋದಾಗ ನೋಡಿದೆ. ನೋಡಿ ಸುಮ್ಮನ ಬರಾಕ ಆಗಲಿಲ್ಲ."

"ಆ ಮಳಿ ಅಲ್ಲೇ ಬೀಳತೈತಿ. ಕೆರಿಗೆ ಬರಂಗಿಲ್ಲ."

"ಗೊತ್ತು," ಎಂದು ಅವನು ಬಂಡೆಗೆ ಹಣೆ ಆನಿಸಿದ. "ಇವತ್ತಿನ ಸರದಿ ಕಸ್ತೂರಿದು," ಎಂದ.

ಹಗ್ಗಗಳನ್ನು ಅವನ ಹೆಗಲಿಂದ ಬಿಡಿಸಿ ನನ್ನ ಹೆಗಲಿಗೆ ಕಟ್ಟಿಕೊಂಡೆ. ಕಟ್ಟಿದ ಕೂಡಲೇ ಹಿಮ್ಮಡಿ ನೆಲ ಬಿಟ್ಟಿತು. ಇಳಿಜಾರಿನಲ್ಲಿ ಒಂದು ಹೆಜ್ಜೆ ಎತ್ತಿಟ್ಟೆ. ಕಾಲು ನೆಲಕ್ಕೆ ಬಹಳ ತಡವಾಗಿ ಬಂತು. ಕೆಳಗೆ ಒಣಗಿದ ಹುಲ್ಲು, ಹಲ್ಲಿಗಳು, ಒಡೆದ ಕಲ್ಲಿನ ಚೂರುಗಳು ನಿಧಾನವಾಗಿ ಹಿಂದೆ ಸರಿದವು. ನನ್ನ ಮೈಯಲ್ಲಿ ಇದ್ದ ತೂಕವೆಲ್ಲ ಎದೆಯೊಳಗೆ ಒಂದೇ ಕಡೆ ಸೇರಿದಂತಿತ್ತು. ಒಂಬತ್ತು ವರ್ಷ ದೂರ ಎಂದುಕೊಂಡಿದ್ದ ಊರು ಆರೇಳು ನೆಗೆತದಲ್ಲಿ ಬಂದುಬಿಟ್ಟಿತು.

ಮೂವತ್ತು ಗುಡಿಸಲು, ಎಲ್ಲವೂ ಕಲ್ಲುಪುಡಿಯಿಂದ ಬಿಳಿಚಿದ್ದವು. ಒಂದು ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಕಣ್ಣ ರೆಪ್ಪೆಗಳು ಊದಿ ಕೆಂಪಾಗಿದ್ದವು, ಮುಂದಲೆಯ ಕೂದಲು ಬೆಳ್ಳಗಾಗಿತ್ತು. ಚೀಲ ಹೊತ್ತವರು ಯಾರೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕಾಕಾಗ ಏನಾತು?" ಎಂದು ಕೇಳಿದಳು. ನನ್ನ ಹೆಸರು ಹಿಡಿಯಲಿಲ್ಲ, ಅಕ್ಕ ಎನ್ನಲಿಲ್ಲ.

"ಉಬ್ಬಸ. ಗುಡ್ಡದ ಮ್ಯಾಲ ಕುಂತಾನ."

"ಒಳಗ ಬಾ. ಚೀಲ ಬಾಗಲ್ದಾಗ ಸಿಕ್ಕೊಳ್ಳತೈತಿ, ಓರಿ ಮಾಡು."

ಚಂಬಣ್ಣ ಕಾಕಾ ಕಲ್ಲಿಗೆ ರಂಧ್ರ ಹೊಡೆಯುವ ಹಳೆಯ ಕೊಳವೆಯಿಂದ ಮಾಡಿಕೊಟ್ಟ ಪುಟ್ಟ ಒಲೆ ಮೂಲೆಯಲ್ಲಿತ್ತು. ಅವಳು ಚೀಲದ ಬಾಯನ್ನು ಅದಕ್ಕೆ ಸಿಕ್ಕಿಸಿ ಹೊತ್ತಿಸಿ, ಚಿಟಿಕೆ ಉಪ್ಪು ಎಸೆದಳು. ಉರಿ ಹಳದಿಯಾಗಿ ಕಂಡು ಮಾಯವಾಯಿತು. ರೊಟ್ಟಿ ತಟ್ಟತೊಡಗಿದಳು. ಅಮ್ಮನಂತೆಯೇ ಅಂಗೈ ಅಂಚಿನಿಂದ ತಟ್ಟುತ್ತಿದ್ದಳು. ನನಗೆ ಆ ಕೈ ಬಂದಿಲ್ಲ. ಎಂಟು ರೊಟ್ಟಿಗಳಾದವು. ಗುಡಿಸಲಿನ ಬಿದಿರು ಗಳುಗಳ ಕೆಳಗೆ ಕೋಳಿಯಷ್ಟು ದೊಡ್ಡ ಮೋಡ ಕೂಡಿತು. ಒಲೆ ಆರಿಸಿ, ಇದ್ದ ಬಟ್ಟಲು, ಪರಾತ, ಕೊಡಗಳನ್ನು ನೆಲದ ತುಂಬ ಹರಡಿ, ಬಿಸಿಲಿಗೆ ಹಿಡಿಯುವ ಕೊಡೆಯನ್ನು ಕೂಡ ಬಿಚ್ಚಿ ಮಗುಚಿ ಇಟ್ಟಳು. ಹನಿ ಬಿತ್ತು. ನನ್ನ ಮನೆಯಲ್ಲಿ ಕಲ್ಲು ಚಪ್ಪಡಿಗೆ ಬೀಳುವ ಮಳೆಗೆ ಒಂದೇ ಸದ್ದು. ಅಲ್ಲಿ ಬಟ್ಟಲಿಗೊಂದು, ತಾಮ್ರಕ್ಕೊಂದು, ಬಟ್ಟೆಗೊಂದು ಸದ್ದು. ಅವಳು ಮುಖ ಮೇಲೆತ್ತಿ ಊದಿದ ಕಣ್ಣುಗಳ ಮೇಲೆ ನಾಲ್ಕು ಹನಿ ಬೀಳಿಸಿಕೊಂಡಳು.

"ನನ್ನ ಪಾಲಿಂದು ನಿನ್ನ ಮನ್ಯಾಗ ಬೀಳತೈತೇನ?" ಎಂದು ಕೇಳಿದಳು, ಮುಖ ಇಳಿಸದೆ.

"ಬೀಳತೈತಿ."

"ಜೋರಾಗೇನ?"

"ಜೋರಾಗೇ ಬೀಳತೈತಿ."

"ಆತು ಬಿಡು," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು.

ಎರಡು ದಿನ ನಾನು ಪಂಚರ ಮುಂದೆ ಹೋಗಲಿಲ್ಲ. ಮೂರನೆಯ ದಿನ ನನ್ನ ಅಡುಗೆಮನೆಯಲ್ಲಿ ಮಳೆ ಸುರಿಯುತ್ತಿದ್ದಾಗ ಮಹಾರುದ್ರ ಹೊಸ್ತಿಲಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದ.

"ಸೋರೂದು ಸಿಕ್ಕೈತಿ ನಿನಗ," ಎಂದ.

"ಸಿಕ್ಕೈತಿ."

"ನಮ್ಮ ಮನಿದೇನ?"

"ಒಂದು ನಮೂನಿ ನಮ್ಮ ಮನಿದ," ಎಂದೆ. ಅವನು ಎದ್ದು ಅಂಗಿ ಹಾಕಿಕೊಂಡು, "ನಡಿ, ನಾನೂ ಬರ್ತೀನಿ," ಎಂದ.

ಇಬ್ಬರೂ ಅಂದಾನಪ್ಪನವರ ಮನೆಗೆ ಹೋಗಿ, ಸೋರುವುದು ಸಿಕ್ಕಿದೆ ಎಂದು ತಿಳಿಸಿದೆವು. ಮಾರನೆಯ ಬೆಳಿಗ್ಗೆ ಪಂಚರು ಕೆರೆಯ ಮೆಟ್ಟಿಲ ಮೇಲೆ ಸೇರಿದರು. ಊರೂ ಸೇರಿತು. ಚಂಬಣ್ಣ ಕಾಕಾ ಯಾರೂ ಕರೆಯದೆಯೇ ಬಂದು ಎದುರಿಗೆ ನಿಂತಿದ್ದ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಚೀಲ ಹೊತ್ತದ್ದನ್ನೂ ಹೇಳಿದೆ. ಕೊನೆಗೆ, "ನನ್ನ ತಂಗಿ ಪಾಲು ಒಂಬತ್ತು ವರ್ಷ ನಾನು ಉರಿಸೀನಿ. ಅದನ್ನ ಕಡದು ಕ್ವಾರಿಗೆ ಕೊಡ್ರಿ. ಬೇಕಾದ್ರ ನಂದೂ ಅರ್ಧಾ ತಗೋರಿ," ಎಂದೆ.

ಅಂದಾನಪ್ಪನವರು ಹತ್ತನೆಯ ಮೆಟ್ಟಿಲಿನ ಕಡೆ ನೋಡುತ್ತಿದ್ದರು.

"ಪಾಲಿಂದಲ್ಲವ್ವ ಮಾತು. ನೀ ಉರಸಿದ್ದು ಕೆರಿಗೆ ಬರತೈತಿ, ಅಲ್ಲಿ ಉರದದ್ದು ಬರಂಗಿಲ್ಲ. ನಮ್ಮಜ್ಜ ಈ ಕೆರಿ ತಳಾ ನೋಡಿದ್ದ. ಆ ಸುದ್ದಿ ಹೇಳಾಕ ಕುಂತ್ರ ಅವನ ಬಾಯಿ ಒಣಗತಿತ್ತು, ನಡುನಡುವ ನೀರು ಕುಡೀತಿದ್ದ. ಇವತ್ತು ಮೂವತ್ತು ಗುಡಸಲಾ. ನಾಳೆ ಅವರಾಚೆ ಇರೋ ಊರು ಕೇಳಿದ್ರ?"

"ಹೊಗ್ಯಾಗ ಅವರ ಕಣ್ಣು ಹೋಗಾಕ ಹತ್ತ್ಯಾವು ಅಜ್ಜಾರ."

"ಕೇಳಿ ನನಗೂ ಸಂಕಟ ಆಗತೈತಿ," ಎಂದರು. ಅದು ಬಾಯುಪಚಾರದ ಮಾತಲ್ಲವೆಂದು ಅವರ ಧ್ವನಿಯಲ್ಲೇ ತಿಳಿಯುತ್ತಿತ್ತು. "ಆದ್ರ ಗುಡ್ಡಾ ಹತ್ತಿ ವಾಪಸ್ ಬರೋ ನೀರು ಯಾವ ಊರಾಗ ಐತಿ?"

ಚಂಬಣ್ಣ ಕಾಕಾ ಒಡೆಮನೆಯ ಬೀಗದ ಕೈಯನ್ನು ಮೆಟ್ಟಿಲ ಮೇಲೆ ಇಟ್ಟು ಮನೆಗೆ ಹೋದ. ಚೀಲ ಕಳುಹಿಸುವುದು ಅಂದಿಗೆ ನಿಂತಿತು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಓಣಿಯಲ್ಲಿ ನಾನು ಬರುವುದನ್ನು ಕಂಡು ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಕಾಕಾನನ್ನು ಹಿಡಿದುಕೊಟ್ಟವಳು ಎಂದೋ, ಊರ ನೀರು ಹೊತ್ತು ಹಾಕಿದವಳು ಎಂದೋ, ಅವರು ಯಾವುದನ್ನು ಆಡುತ್ತಿದ್ದರೋ ತಿಳಿಯಲಿಲ್ಲ.

ಕ್ವಾರಿಗೆ ಸುದ್ದಿ ಮುಟ್ಟಿಸಲು ನಾನೇ ಹೋದೆ. ಈ ಸಲ ಹೆಗಲಿಗೆ ಚೀಲವಿರಲಿಲ್ಲ. ಗುಡ್ಡದಾಚೆ ಸೇರುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು. ಕಸ್ತೂರಿ ಎಲ್ಲ ಕೇಳಿಸಿಕೊಂಡಳು. ನೆರೆಯ ನಾಲ್ಕೈದು ಹೆಂಗಸರೂ ಬಂದು ನಿಂತು ಕೇಳಿದರು. ಯಾರೂ ಪಂಚರನ್ನು ಜರೆಯಲಿಲ್ಲ.

"ಎಷ್ಟು ಮೆಟ್ಟಲಾ ಕಂಡಾವು?" ಎಂದಳು ಕಸ್ತೂರಿ.

"ಒಂದು."

"ಒಂದು ಮೆಟ್ಟಲಾ ಅಂದ್ರ ಎಷ್ಟು ಕೊಡ ಆದೀತು?"

"ಯಾರಿಗೆ ಗೊತ್ತು. ಸಾವಿರ ಇರಬಹುದು, ಹೆಚ್ಚೂ ಇರಬಹುದು."

ಅವಳು ನನ್ನನ್ನು ಕ್ವಾರಿಯ ಒಂದು ಹಳೆಯ ಗುಂಡಿಗೆ ಕರೆದೊಯ್ದಳು. ಕಲ್ಲು ತೆಗೆದು ಬಿಟ್ಟ, ಕೋಣೆಯಷ್ಟು ಅಗಲದ ಗುಂಡಿ. ಅದರ ಮೇಲೆ ಉದ್ದಕ್ಕೂ ಚಪ್ಪಡಿ ಹಾಸಿತ್ತು. ಹೆಂಗಸರು ಒಂದು ಚಪ್ಪಡಿಯನ್ನು ಸರಿಸಿದರು. ಕೆಳಗೆ ಎದೆಯ ಮಟ್ಟ ನೀರಿತ್ತು, ತಳದ ಉಳಿಯ ಗೆರೆಗಳು ಎಣಿಸುವಷ್ಟು ತಿಳಿಯಾಗಿತ್ತು. ಒಂದು ವರ್ಷದಿಂದ ಮೂವತ್ತು ಗುಡಿಸಲಿನ ಬಟ್ಟಲು, ಪರಾತಗಳಲ್ಲಿ ಹಿಡಿದದ್ದು.

"ನಮ್ಮ ಬಾವಿ ನೀರು ಸವಳು, ಆದ್ರ ನಡೀತೈತಿ," ಎಂದಳು ಕಸ್ತೂರಿ. "ಇದನ್ನ ಬರೇ ಕೂಸುಗಳಿಗೆ ಕೊಟ್ಟೀವಿ. ಉಳದದ್ದು ಕುಡ್ಯಾಕ ನನಗ ಮನಸಾಗಲಿಲ್ಲ. ನಮ್ಮ ಕೆರಿದು ಅಂತ ಅಂದೆ. ಇವರೂ ಇಡು ಅಂದ್ರು. ಯಾಕ ಇಟ್ವಿ ಅಂತ ನಮಗೂ ಗೊತ್ತಿರಲಿಲ್ಲ."

ಅದಾದ ಐದನೆಯ ದಿನ ಬೆಳಿಗ್ಗೆ, ನಾನು ಕೆರೆದಂಡೆಯ ಕೊಳವೆ ನೋಡುತ್ತಿದ್ದಾಗ, ಗುಡ್ಡದ ಸಂದಿನಲ್ಲಿ ಏನೋ ಮಿಂಚಿತು. ಒಂದರ ಹಿಂದೆ ಒಂದು ತಾಮ್ರದ ಕೊಡಗಳು ಗುಡ್ಡ ಇಳಿಯುತ್ತಿದ್ದವು. ಮೂವತ್ತಕ್ಕೂ ಹೆಚ್ಚು ಹೆಂಗಸರು, ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಹಿಂದೆ ಗಂಡಸರು ಎರಡೂ ತುದಿಗೆ ಕೊಡ ತೂಗಿದ ಅಡ್ಡೆ ಹೊತ್ತು ಬರುತ್ತಿದ್ದರು. ಊರಿನವರು ಒಬ್ಬೊಬ್ಬರಾಗಿ ಹೊರಬಂದು ಕಾಲುವೆಯ ಎರಡೂ ಬದಿಗೆ ನಿಂತರು. ಚಂಬಣ್ಣ ಕಾಕಾನೂ ಗೋಡೆ ಹಿಡಿದುಕೊಂಡು ಬಂದ.

ಮುಂದಿದ್ದವಳು ಕಸ್ತೂರಿ. ಅವಳು ಮೆಟ್ಟಿಲಿಳಿದು ಸೊಂಟದ ಕೊಡ ಸುರಿದಳು. ತಲೆಯ ಮೇಲಿನದನ್ನು ಇಳಿಸಲು ಇನ್ನೊಬ್ಬರ ಕೈ ಬೇಕು. ನಾನು ಮುಂದೆ ಹೋಗುವಷ್ಟರಲ್ಲಿ ಅಂದಾನಪ್ಪನವರು ಕೋಲನ್ನು ಮೆಟ್ಟಿಲ ಮೇಲೆ ಬಿಟ್ಟು, ಎರಡೂ ಕೈಯಿಂದ ಅವಳ ಕೊಡ ಹಿಡಿದು ಇಳಿಸಿದರು. ನೀರು ತುಳುಕಿ ಅವರ ಅಂಗಿಯ ತೋಳು ತೊಯ್ದಿತು.

"ಇದು ಎಲ್ಲೀದು ತಂಗಿ?" ಎಂದು ಕೇಳಿದರು.

"ನಿಮ್ಮದರಿ. ಬೆಂಕಿ ನಾವು ತಗೊಂಡ್ವಿ, ನೀರು ಇಲ್ಲೈತಿ. ಇನ್ನೂ ಐತಿ. ಇದು ಮುಗಿಯೂ ತನಕ ದಿನಾ ತರ್ತೀವಿ."

ಅವರು ಆ ಕೊಡವನ್ನು ತಾವೇ ಕೆರೆಗೆ ಬಗ್ಗಿಸಿದರು. ಆಮೇಲೆ ಅವರು ಜನರ ನಡುವೆ ಹುಡುಕಿ, "ಚಂಬಣ್ಣಾ, ಬೀಗದ ಕೈ ನಮ್ಮ ಗೂಡಿನ್ಯಾಗ ಐತಿ, ಬಂದು ಒಯ್ಯಿ," ಎಂದರು. ಕಸ್ತೂರಿಯ ಕಡೆ ತಿರುಗಿ, "ಕೂಸುಗಳ ನೀರು ಇಟಗೋರಿ. ಅದಕ್ಕ ಕೊಡ ಹೊರಬ್ಯಾಡ್ರಿ," ಎಂದರು.

ಅಂದು ಹತ್ತನೆಯ ಮೆಟ್ಟಿಲು ಮುಳುಗಲಿಲ್ಲ, ತೊಯ್ದಿತು ಅಷ್ಟೆ. ಅದು ಮುಳುಗಲು ಎರಡು ತಿಂಗಳು ಹಿಡಿಯಿತು. ಮೊದಲ ವಾರ ಅವರು ಹೊತ್ತರು. ಎರಡನೆಯ ವಾರದಿಂದ ನಮ್ಮೂರ ಹೆಂಗಸರು ಗುಡ್ಡದ ಸಂದಿನವರೆಗೆ ಹೋಗಿ ಅಲ್ಲಿಂದ ಈಚೆಗೆ ಹೊತ್ತರು. ನನ್ನನ್ನು ಕಂಡು ಮಾತು ನಿಲ್ಲಿಸಿದ ಆ ಇಬ್ಬರೂ ಅವರಲ್ಲಿದ್ದರು. ನನ್ನ ಒಲೆಯ ಎರಡನೆಯ ಕೊಳವೆಯನ್ನು ಚಂಬಣ್ಣ ಕಾಕಾ ಬಂದು ಕ್ವಾರಿಯ ಚೀಲಗಳಿಗೆಂದು ಬಿಚ್ಚಿಕೊಂಡು ಹೋದ.

ಕೊಡ ಇಳಿಸಿದ ಆ ಮೊದಲ ದಿನ ಕಸ್ತೂರಿಯನ್ನು ಮನೆಗೆ ಕರೆದೆ. ಅವಳು ಓಣಿಯ ತಿರುವಿನವರೆಗೆ ಬಂದು ನಿಂತಳು. ಅಲ್ಲಿಂದ ನಮ್ಮ ಬಾಗಿಲು ಕಾಣುತ್ತದೆ. ಆ ಬಾಗಿಲಲ್ಲೇ ಅಂದು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದು.

"ಅವತ್ತು ನಾನು ಏನರ ಅನಬೇಕಿತ್ತು," ಎಂದೆ.

"ಏನ ಅಂತಿದ್ದಿ?"

ಯೋಚಿಸಿದೆ. "ಗೊತ್ತಿಲ್ಲ," ಎಂದೆ.

ಅವಳು ಖಾಲಿ ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. "ಬುಧವಾರ ಜ್ವಾಳಾ ಬೀಸೂದೈತಿ. ನಮ್ಮ ಬೀಸುಕಲ್ಲು ದೊಡ್ಡದು, ಕ್ವಾರಿ ಮಂದಿದಲ್ಲೇನು. ಒಬ್ಬಾಕಿಗೆ ತಿರಗಂಗಿಲ್ಲ. ಬರ್ತಿಯೇನು ಅಕ್ಕಾ?"

ನಡುರಾತ್ರಿಯೇ ಮನೆ ಬಿಟ್ಟು, ಬುಧವಾರ ಹೊತ್ತು ಏರುವ ಮೊದಲೇ ನಾನು ಅವಳ ಗುಡಿಸಲಿನಲ್ಲಿದ್ದೆ. ಕಲ್ಲಿನ ಗೂಟವನ್ನು ಇಬ್ಬರೂ ಹಿಡಿದೆವು, ಮೇಲೆ ಅವಳ ಕೈ, ಕೆಳಗೆ ನನ್ನದು. ಮೊದಲ ನಾಲ್ಕು ಸುತ್ತು ಎಳೆತ ಕೂಡಲಿಲ್ಲ. ಅವಳು ಎಳೆದಾಗ ನಾನು ತಡೆದೆ, ನಾನು ಎಳೆದಾಗ ಅವಳು. ಐದನೆಯ ಸುತ್ತಿಗೆ ಕಲ್ಲು ತಾನಾಗಿ ತಿರುಗತೊಡಗಿತು. ಹಿಟ್ಟು ಬೆಚ್ಚಗೆ ಉದುರಿತು.